ಸ್ವಂತ ಇಚ್ಛೆಯಿಂದ

ಎಸಿಯ ತಣ್ಣನೆ ಗಾಳಿ ಬೆವೆತ ಕುತ್ತಿಗೆಗೆ ತಾಗಿ ಮೈ ಝುಂ ಎಂದಿತು, ಗಾರ್ಮೆಂಟ್ಸಿನ ಹೊಲಿಗೆ ಹಾಲ್‌ನಲ್ಲಿ ಫ್ಯಾನು ಕೂಡ ಬಿಸಿಯನ್ನೇ ಊದುತ್ತದೆ, ಇಲ್ಲಿ ಆಫೀಸಿನಲ್ಲಿ ಮಾತ್ರ ಮಾಗಿಯ ಚಳಿ, ರೇಣುಕಾ ಸೆರಗು ಹೊದ್ದು ಕೂತಳು, ಎದುರಿಗೆ ಮ್ಯಾನೇಜರ್ ಸೋಮಶೇಖರ್ ಸಾಹೇಬರು, ಅವರ ಪಕ್ಕದ ಕುರ್ಚಿಯಲ್ಲಿ — ಅಲ್ಲ, ಅವಳು ಮೇಜಿನ ಈ ಕಡೆ ಕೂರಬೇಕಾದವಳು — ಪಕ್ಕದ ಮಷಿನ್ನಿನಲ್ಲಿ ಹೊಲಿಯುವ ಕೋಮಲಾ, ಆರ್ಡರು ಕಡಿಮಿ ಆಗ್ಯಾವಮ್ಮ, ಯಾರಿಗೂ ಬಲವಂತ ಇಲ್ಲ, ಸ್ವಂತ ಇಚ್ಛೆಯಿಂದ ಕೆಲಸ ಬಿಡೋರಿಗೆ ಕಂಪನಿ ಕೈತುಂಬ ಕೊಟ್ಟು ಕಳಸ್ತೈತಿ, ಸಾಹೇಬರ ದನಿ ಎಷ್ಟು ಮೆತ್ತಗೆ, ಸ್ವಂತ ಇಚ್ಛೆ, ಯಾರ ಇಚ್ಛೆ, ಮೊನ್ನೆ ಸಂಜೆ ಕೊಟ್ಟೂರಿಗೆ ಹೋಗುವ ಕಂಪನಿ ಬಸ್ಸಿನಲ್ಲಿ ಇದೇ ಕೋಮಲಾ ಸೀಟು ಬಿಟ್ಟು ಎದ್ದು ನಿಂತಿದ್ದಳು, ರಾಜೀನಾಮಿಗೆ ಒಬ್ಬರೂ ಸಹಿ ಹಾಕಬ್ಯಾಡ್ರಿ, ಒಬ್ಬಾಕಿ ಹಾಕಿದರ ಎಲ್ಲರ ಬಾಯಾಗೂ ಮಣ್ಣು, ಮೈಲಾರಲಿಂಗನ ಆಣಿ, ಭಂಡಾರದ ಅರಿಶಿನದ ಪೊಟ್ಟಣ ಬಿಚ್ಚಿ ಎಲ್ಲರ ಹಣೆಗೂ ತಾನೇ ಹಚ್ಚಿದ್ದಳು, ರೇಣಕ್ಕ, ನೀ ಮುಂದ ನಿಂದ್ರು, ನೀ ನಿಂತರ ಉಳಿದೋರು ಅಲ್ಲಾಡಂಗಿಲ್ಲ, ನಿಂತಳು ರೇಣುಕಾ, ಯಾಕೆ ನಿಲ್ಲುವುದಿಲ್ಲ, ಕೋಮಲಾಳ ಅವ್ವ ಗಾದೆಮ್ಮ ಆಸ್ಪತ್ರೆಯಲ್ಲಿದ್ದಾಗ ಅವಳ ಪಾಲಿನ ಕಾಲರುಗಳನ್ನೂ ಹೊಲಿದು ಟಾರ್ಗೆಟ್ ಮುಟ್ಟಿಸಿದ ಕೈ ಇದು, ದಿನಾ ಒಂದೇ ಡಬ್ಬಿಯ ಬುತ್ತಿ, ಒಂದೇ ರೊಟ್ಟಿ ಮುರಿದು — ನೋಡ್ರಿ ರೇಣುಕಾ ಅವರ, ಈಗ ಬಿಟ್ಟರ ನಿಮಗೇ ಚಲೋ, ಎಂದಳು ಕೋಮಲಾ, ನೋಡ್ರಿ ಅಂತೆ, ಅವರ ಅಂತೆ, ರೇಣಕ್ಕ ಎಲ್ಲಿ ಹೋದಳು, ಬಸ್ಸಿನಿಂದ ನಡುದಾರಿಯಲ್ಲೇ ಇಳಿದುಹೋದಳೇ, ಕೋಮಲಾಳ ಕೊರಳಲ್ಲಿ ಸೂಪರ್‌ವೈಸರುಗಳ ನೀಲಿ ಪಟ್ಟಿ, ಹೊಸದು, ಮಡಿಕೆಯ ಗೆರೆ ಇನ್ನೂ ಮಾಸಿಲ್ಲ, ಓಹೋ, ಮುಂದೆ ನಿಲ್ಲಿಸಿದ್ದು ಇದಕ್ಕೇ, ಯಾರನ್ನು ಮೊದಲು ಕಳಿಸಬೇಕು ಅಂತ ಸಾಹೇಬರಿಗೆ ಬೆರಳು ಮಾಡಿ ತೋರಿಸಲಿಕ್ಕೆ, ಸಿಟ್ಟು ಬರಬೇಕಿತ್ತು, ಬರುತ್ತಿಲ್ಲ, ಕೋಮಲಾ ಪೆನ್ನಿನ ಮುಚ್ಚಳ ತೆಗೆದು ರಾಜೀನಾಮೆ ಅರ್ಜಿಯ ಮೇಲಿಟ್ಟಳು, ರೇಣುಕಾ ಎತ್ತಿಕೊಂಡಳು, ಸಾಹೇಬರ ಮುಖ ಅರಳಿತು, ಅವಳು ಮುಚ್ಚಳ ಹಾಕಿ ವಾಪಸ್ಸಿಟ್ಟಳು, ನನಗ ಇಚ್ಛಾ ಇಲ್ರಿ ಸಾಹೇಬ್ರ, ತೆಗಿಬೇಕಂದ್ರ ನೀವ ತೆಗೀರಿ, ತೆಗದೀವಿ ಅಂತ ನಿಮ್ಮ ಕೈಯಾಗ ಬರದು ಕೊಡ್ರಿ, ನಾಳೆ ಗೇಟಿನಲ್ಲಿ ಒಳಗೆ ಬಿಡದಿದ್ದರೆ, ಬಿಡದಿರಲಿ, ಗೇಟಿನಲ್ಲೇ ನಿಲ್ಲುತ್ತೇನೆ, ಒಮ್ಮೆ ತಲೆ ಎತ್ತು ಕೋಮಲಾ, ಬೈಯುವುದಿಲ್ಲ, ಒಂದು ಸಲ ಅಕ್ಕ ಅನ್ನು ಸಾಕು — ಕೋಮಲಾ ತಲೆ ಎತ್ತಲಿಲ್ಲ, ಅವಳ ಬೆರಳುಗಳಷ್ಟೇ ಮುಂದೆ ಬಂದವು, ಪೆನ್ನಿನ ಮುಚ್ಚಳ ತೆಗೆದವು, ರೇಣುಕಾ ಮುಚ್ಚಳ ಹಾಕಿದಳು, ಬೆರಳುಗಳು ಮತ್ತೆ ಬಂದವು, ಮತ್ತೆ ಮುಚ್ಚಳ ತೆಗೆದವು