ಉಂಡದ್ದು ಎಲ್ಲಿಗೆ ಹೋಗುತ್ತದೆ

ಹೊಳಲಿನ ನಿಂಗಯ್ಯನ ಹೆಂಡತಿ ಮಲ್ಲಿಗಮ್ಮ ಗಂಡಸರ ಸಮಕ್ಕೆ ಎರಡು ಮುದ್ದೆ ಉಣ್ಣುತ್ತಿದ್ದಳು. ಆದರೂ ಅವಳ ರವಿಕೆ ವರ್ಷದಿಂದ ವರ್ಷಕ್ಕೆ ಸಡಿಲವಾಗುತ್ತಿತ್ತು. ಯುದ್ಧದ ಹೆಸರು ಹೇಳಿ ಸರ್ಕಾರ ಲೆವಿ ಎಂದು ಬೆಳೆಯ ಪಾಲು ಅಳೆಸಿಕೊಂಡು ಹೋದ ಮೇಲೆ ಉಳಿದ ರಾಗಿಗೆ ಅತ್ತೆ ಹೊಂಬಾಳಮ್ಮನೇ ಯಜಮಾನಿ. "ಉಂಡಿದ್ದು ಎಲ್ಲಿಗ್ ಓಯ್ತದೋ! ಇವ್ಳ ಅಪ್ಪ ಅಸಿವನ್ನೇ ಬಳುವಳಿ ಕೊಟ್ಟವ್ನೆ" ಎಂದು ಬಡಿಸುವಾಗಲೆಲ್ಲ ಅನ್ನುತ್ತಿದ್ದಳು. ಹಾಗಾಗಿ ಎರಡನೆಯ ಮುದ್ದೆಗೆ ಮುಂಚೆ ಅತ್ತೆಯ ಮುಖ ನೋಡುವುದು ಮಲ್ಲಿಗಮ್ಮನಿಗೆ ರೂಢಿಯಾಗಿತ್ತು. ನಿಂಗಯ್ಯನೂ ಏನು ಕಮ್ಮಿಯಲ್ಲ. ನೆಂಟರು ತುಂಬಿದ ಪಂಕ್ತಿಯಲ್ಲಿ ಒಮ್ಮೆ "ನಮ್ಮನೇಲಿ ಎತ್ತು ಎಲ್ಡಲ್ಲ ಕಣ್ಲಾ, ಮೂರು" ಅಂದಿದ್ದ. ಎಲ್ಲರೂ ನಕ್ಕಿದ್ದರು. ಮಲ್ಲಿಗಮ್ಮನೂ ನಕ್ಕಿದ್ದಳು, ಬೇರೆ ದಾರಿ ಇರಲಿಲ್ಲ.

ಆಮೇಲೆ ಗಂಟಲಲ್ಲಿ ನಿಂಬೆಕಾಯಿ ಗಾತ್ರದ ಗಡ್ಡೆ ಕಂಡಿತು, ಕೈ ನಡುಗತೊಡಗಿತು. ಮೈಸೂರಿನ ಡಾಕ್ಟರೊಬ್ಬರು ಉಸಿರು ಅಳೆಯುವ ಯಂತ್ರವನ್ನು ಮಂಡ್ಯದ ಆಸ್ಪತ್ರೆಗೆ ತರುತ್ತಾರೆ, ಗಡ್ಡೆಯ ಒಳಗುಟ್ಟು ಅದರಿಂದ ತಿಳಿಯುತ್ತದೆ ಎಂದು ಆಸ್ಪತ್ರೆಯವರು ಹೇಳಿದರು. ಆದರೆ ರಾತ್ರಿ ಉಂಡ ಮೇಲೆ ಪರೀಕ್ಷೆ ಮುಗಿಯುವ ತನಕ ಏನೂ ತಿನ್ನುವಂತಿಲ್ಲ, ನೀರು ಬಿಟ್ಟು ಏನೂ ಕುಡಿಯುವಂತಿಲ್ಲ.

ಕಾವಲಿಗೆ ನಿಂಗಯ್ಯನೇ ನಿಂತ. ಬೆಳಗಿನ ಜಾವ ಗಾಡಿ ಹತ್ತುವಾಗ ಪಕ್ಕದ ಮನೆಯ ಬೆಳ್ಳಮ್ಮ "ಆಸ್ಪತ್ರೆಗ್ ಓಗೋರು ಬರೀ ಒಟ್ಟೇಲಿ ಓಗ್ಬಾರ್ದು ಕಣಮ್ಮ" ಎಂದು ರೊಟ್ಟಿ ತಂದಳು. ಅವಳ ಮನಸ್ಸು ನೋಯಬಾರದೆಂದು ಅದನ್ನು ನಿಂಗಯ್ಯನೇ ತಿಂದ. ದಾರಿಯಲ್ಲಿ ಹೆಂಡತಿ ಹೊಟ್ಟೆ ಹಿಡಿದುಕೊಂಡು ಮುದುಡಿದಳು. ನಿಂಗಯ್ಯ ಗಾಡಿ ನಿಲ್ಲಿಸಿದ. ಸೊಂಟದ ಚೀಲ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಅಡಿಕೆ ಹೊಗೆಸೊಪ್ಪು ಇಟ್ಟು ಮಡಿಸಿ ಅವಳ ಕೈಗೆ ಕೊಟ್ಟ. ಹಸಿವು ತಡೆಯಲು ಆ ಸೀಮೆಯಲ್ಲಿ ಎಲ್ಲರೂ ಮಾಡುವುದು ಇದನ್ನೇ.

ಆಸ್ಪತ್ರೆಯಲ್ಲಿ ಅವಳನ್ನು ಮಂಚದ ಮೇಲೆ ಮಲಗಿಸಿ, ಡಾಕ್ಟರು ಯಂತ್ರದ ಕೊಳವೆ ಹಿಡಿದು "ಬಾಯಿ ತೆಗಿಯಮ್ಮ" ಎಂದರು. ಬಾಯಿ ಕೆಂಪಗಿತ್ತು. ಡಾಕ್ಟರು ಕೊಳವೆ ಕೆಳಗಿಟ್ಟರು.

"ಏನೂ ತಿನ್ನಬಾರದು ಅಂತ ಹೇಳಿರಲಿಲ್ವೇನಯ್ಯ?"

"ತಿಂದಿಲ್ಲ ಸೋಮಿ," ಎಂದ ನಿಂಗಯ್ಯ, "ಅಗ್ದು ಉಗ್ದವ್ಳೆ."

"ಹೊಗೆಸೊಪ್ಪು ಇತ್ತಾ?"

"ಅದಿಲ್ದೆ ಎಲೆ ಏನ್ ಚೆಂದ ಸೋಮಿ?"

ಹೊಗೆಸೊಪ್ಪು ಎದೆಬಡಿತ ಏರಿಸುತ್ತದೆ, ಇವತ್ತಿನ ಅಳತೆ ನಂಬುವ ಹಾಗಿಲ್ಲ, ನಾಳೆ ಬೆಳಿಗ್ಗೆ ಬನ್ನಿ, ನಾಳೆಯೂ ತಪ್ಪಿದರೆ ಯಂತ್ರ ಮೈಸೂರಿಗೆ ವಾಪಸು ಎಂದು ಡಾಕ್ಟರು ರೇಗಿದರು.

ಸಂಜೆ ಇಬ್ಬರೂ ಊರಿಗೆ ಹೋಗದೆ ಆಸ್ಪತ್ರೆಯ ಮುಂದಿನ ಹುಣಸೆಮರದ ಕೆಳಗೆ ಗಾಡಿಗೆ ಒರಗಿ ಕೂತಿದ್ದಾಗ ಮಲ್ಲಿಗಮ್ಮ ಕೇಳಿದಳು, "ನಾಳೆ ಯಂತ್ರ ಏನೂ ಕಾಯ್ಲೆ ಇಲ್ಲ ಅಂದ್ಬುಟ್ರೆ?"

"ಒಳ್ಳೇದೇ ಆಯ್ತಲ್ಲ."

"ಏನ್ ಒಳ್ಳೇದು? ನಾನು ಒಟ್ಟೆಬಾಕಿ ಅನ್ನೋದು ಖಾಯಂ ಆಯ್ತದೆ."

ನಿಂಗಯ್ಯನಿಗೆ ಮೂರನೆಯ ಎತ್ತಿನ ಮಾತು ನೆನಪಾಗಿ ತುಂಬ ನಾಚಿಕೆಯಾಯಿತು. ಎಲೆಯಡಿಕೆ ಚೀಲವನ್ನು ಗಾಡಿಯ ಹುಲ್ಲಿನೊಳಗೆ ತುರುಕಿದ. ಮರುದಿನ ಅವಳ ಪರೀಕ್ಷೆ ಮುಗಿಯುವ ತನಕ ತಾನೂ ಬಾಯಿಗೆ ಏನನ್ನೂ ಇಡಲಿಲ್ಲ.

"ಕಾಯಿಲೆ ಜೋರಾಗಿದೆ," ಎಂದರು ಡಾಕ್ಟರು. "ಉಸಿರಿನ ಅಳತೇಲೇ ಗೊತ್ತಾಗುತ್ತೆ, ಉಂಡದ್ದನ್ನೆಲ್ಲ ಈ ಗಡ್ಡೆ ಒಲೆಗೆ ಹಾಕಿದ ಹಾಗೆ ಸುಡ್ತಾ ಇದೆ. ಮೈಸೂರಲ್ಲಿ ಆಪರೇಷನ್ ಆಗಬೇಕು. ಅಲ್ಲೀತನಕ ಕೇಳಿದಷ್ಟು ಊಟ ಹಾಕಿ."

ಮಲ್ಲಿಗಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. ಕೇಳಿಸಲಿಲ್ಲವೇನೋ ಎಂದು ಡಾಕ್ಟರು ಆಪರೇಷನ್ನಿನ ಮಾತನ್ನು ಇನ್ನೊಂದು ಸಲ ಹೇಳಿದರು. ಅವಳು ಆಗಲೂ ನಕ್ಕಳು.

ಉಂಡೆದ್ದ ಗಂಡಸು, ಹೆಂಗಸರು ಉಣ್ಣುವಾಗ, ಅಡಿಗೆಮನೆಯಲ್ಲಿ ಕೂರುವುದಿಲ್ಲ. ಊರಿಗೆ ಮರಳಿದ ಆ ರಾತ್ರಿ ನಿಂಗಯ್ಯ ಕೂತ. ಹೆಂಡತಿಯ ಮೊದಲ ಮುದ್ದೆ ಮುಗಿದದ್ದೇ, "ಇನ್ನೊಂದ್ ಮುದ್ದೆ ಆಕವ್ವ" ಎಂದ.

"ಉಂಡಿದ್ದು ಎಲ್ಲಿಗ್ ಓಯ್ತದೋ," ಎಂದಳು ಹೊಂಬಾಳಮ್ಮ.

"ಗಂಟ್ಲಿಗ್ ಓಯ್ತದೆ ಕಣವ್ವ. ಯಂತ್ರ ಇಟ್ಟು ನೋಡವ್ರೆ."

ಹೊಂಬಾಳಮ್ಮ ಮುದ್ದೆ ಹಾಕಿದಳು. ಮಲ್ಲಿಗಮ್ಮ ರೂಢಿಯಂತೆ ತಲೆ ಎತ್ತಹೋಗಿ, ಅರ್ಧಕ್ಕೇ ಬಿಟ್ಟಳು. ಮುದ್ದೆ ಮುರಿದು ಸಾರಿಗೆ ಅದ್ದಿ, ಯಾರ ಮುಖವನ್ನೂ ನೋಡದೆ ಉಂಡಳು.