ಟಿಕೆಟ್ ಇಲ್ಲದೆ ಒಳಗೆ ಬರಲ್ಲ

ನಮ್ಮಪ್ಪ ಟ್ಯೂನಿಸ್‌ನಂಥ ಹಟಮಾರಿ ಐಸೆಲ್ ನದಿಯ ಈ ದಂಡೆಯಲ್ಲೂ ಇಲ್ಲ, ಆ ದಂಡೆಯಲ್ಲೂ ಇಲ್ಲ. ಮೊಮ್ಮಗಳ ಮದುವೆಯ ದಿನ ಕರೀ ಸೂಟು ಹಾಕಿಕೊಂಡು, ಶೂಗೆ ಪಾಲಿಶ್ ಹೊಡೆದು, ನನ್ನ ತೋಳು ಹಿಡಿದು ಮಾರುಕಟ್ಟೆ ಚೌಕದವರೆಗೂ ಬಂದ. ದೊಡ್ಡ ಚರ್ಚಿನ ಬಾಗಿಲಿಗೆ ಬಂದಿದ್ದೇ ತಡ, ಕಾಲೂರಿ ನಿಂತುಬಿಟ್ಟ.

"ಟಿಕೆಟ್ ಕೊಡೋ ಕಿಟಕಿ ಯಾಕೆ ಮುಚ್ಚಿದೆ?" ಅಂದ.

ತಿರುಗಿ ನೋಡಿದೆ. ನಿಜವಾಗಿಯೂ ಮುಚ್ಚಿತ್ತು.

ಈ ಟಿಕೆಟ್ಟಿನ ತಲೆನೋವು ಶುರುವಾಗಿದ್ದು ಒಂದು ಹಾಡಿನಿಂದ. ನಾನು ಇನ್ನೂ ಸ್ಕೂಲಿಗೆ ಹೋಗುತ್ತಿದ್ದಾಗ ಈ ಚರ್ಚಿನಲ್ಲಿ ಕೀರ್ತನೆಗಳನ್ನು ಚುರುಕಾಗಿ ಹಾಡಲು ಶುರು ಮಾಡಿದರು. ಅಪ್ಪನ ಪ್ರಕಾರ ಒಂದೊಂದು ಅಕ್ಷರವನ್ನೂ ಉಸಿರು ಇರುವಷ್ಟು ಎಳೆಯಬೇಕು. "ದೇವರ ಮಾತೇನು ಬಸ್ ಹಿಡಿಯೋಕೆ ಓಡ್ತಿದೆಯಾ?" ಅಂತ ಹಾಡಿನ ನಡುವೆಯೇ ಎದ್ದು ಹೊರಗೆ ಬಂದ. ಅವನಂಥವರೇ ಇನ್ನೊಂದಿಷ್ಟು ಜನ ಸೇರಿ ಕಾಲುವೆ ಪಕ್ಕದ ಗೋದಾಮಿನಲ್ಲಿ ಬೇರೆ ಸಭೆ ಕಟ್ಟಿಕೊಂಡರು. ಮತ್ತೆ ಆರಾಧನೆಗೆ ಅಂತ ಈ ಹೊಸಿಲು ತುಳಿಯಲ್ಲ ಅಂತ ಎಲ್ಲರೆದುರು ಮಾತು ಕೊಟ್ಟ. ನಾವು ಡಚ್ಚರು ಹಣ ಕೊಟ್ಟರೂ ಕೊಟ್ಟೇವು, ಕೊಟ್ಟ ಮಾತು ಮಾತ್ರ ವಾಪಸ್ ತಗೊಳ್ಳುವುದಿಲ್ಲ.

ನನ್ನ ಮದುವೆ ಇಲ್ಲೇ ಆಯಿತು. ಅಪ್ಪ ಒಳಗೆ ಬರಲಿಲ್ಲ. ಚೌಕದ ಮೂಲೆಯ ಹೆರಿಂಗ್ ಮೀನಿನ ಗಾಡಿ ಹತ್ತಿರ ನಿಂತುಕೊಂಡ. ಅಪ್ಪನ ತೋಳು ಹಿಡಿದು ನಡೆಯಬೇಕಾದ ಸಾಲುಬೆಂಚುಗಳ ನಡುವೆ ನಾನು ಒಬ್ಬಳೇ ನಡೆದೆ. ಆ ಉರಿ ಇವತ್ತಿಗೂ ಆರಿಲ್ಲ.

ಈಗ ಚರ್ಚು ವಾರವಿಡೀ ಟಿಕೆಟ್ ಕೊಳ್ಳುವ ಪ್ರವಾಸಿಗರಿಗೆ ತೆರೆದಿರುತ್ತದೆ. ನನ್ನ ಮಗಳು ಲೀಸ್ ಮದುವೆಗೆ ಕರೆದಾಗ ಅಪ್ಪ ದಿನಗಟ್ಟಲೆ ಯೋಚಿಸಿ ತಾನೇ ಒಂದು ದಾರಿ ಕಂಡುಹಿಡಿದ. "ಟಿಕೆಟ್ ತಗೊಂಡ್ರೆ ನಾನು ಕಟ್ಟಡ ನೋಡೋಕೆ ಬಂದವನು. ಆರಾಧನೆಗೆ ಬಂದ ಹಾಗಾಗಲ್ಲ. ಮಾತೂ ಉಳಿಯುತ್ತೆ." ಏನಾದರೂ ಆಗಲಿ, ಬಂದರೆ ಸಾಕು ಅಂತ ನಾನೂ ಒಪ್ಪಿದೆ. ಮದುವೆಯ ದಿನ ಪ್ರವಾಸಿಗರನ್ನು ಬಿಡುವುದಿಲ್ಲ ಅನ್ನೋದು ನನ್ನ ಮಂದಬುದ್ಧಿಗೆ ಹೊಳೆಯಲೇ ಇಲ್ಲ.

ಬೀಗದಕೈ ಗೊಂಚಲು ಹಿಡಿದು ಕೋರಾ ಬಾಗಿಲಲ್ಲೇ ಇದ್ದಳು. ಟಿಕೆಟ್ ಕೊಡುವವಳೂ ಅವಳೇ, ನನ್ನ ಸಹಪಾಠಿ.

"ಕೋರಾ, ನಿನ್ನ ದಮ್ಮಯ್ಯ, ಒಂದೇ ಒಂದು ಟಿಕೆಟ್ ಹರಿದು ಕೊಡೇ."

"ಮದುವೆಗೆ ಬಂದೋರಿಗೆ ಟಿಕೆಟ್ ಇಲ್ಲ ಕಣೇ ಟಿನಾ. ಸುಮ್ನೆ ಒಳಗೆ ಕರ್ಕೊಂಡು ಹೋಗು."

"ಅವನು ಸುಮ್ನೆ ಬರಲ್ವಲ್ಲ! ಹಳೇದಾದ್ರೂ ಒಂದು ಕೊಡೇ."

"ಹಳೇದನ್ನ ಇವತ್ತಿಂದು ಅಂತ ಕೊಡಲಾ? ಸುಳ್ಳಾಗಲ್ವಾ?"

"ನಿನ್ನ ಸತ್ಯಕ್ಕಿಷ್ಟು ಬೆಂಕಿ ಹಾಕ!"

"ಅವಳು ಹೇಳೋದು ಸರಿಯಾಗಿದೆ," ಅಂದ ಅಪ್ಪ ಹಿಂದಿನಿಂದ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಅವನು ಈ ಚರ್ಚಿನವರ ಮಾತು ಒಪ್ಪಿದ್ದು, ಅದೂ ಇವತ್ತೇ! ತಲೆ ಚಚ್ಚಿಕೊಳ್ಳೋಣ ಅನ್ನಿಸಿತು. ನನ್ನ ತೋಳು ಬಿಟ್ಟು ನೆಟ್ಟಗೆ ಹೆರಿಂಗ್ ಗಾಡಿ ಹತ್ತಿರ ಹೋಗಿ ನಿಂತ. ಅದೇ ಮೂಲೆ.

"ಅಪ್ಪಾ, ನನಗೆ ಮಾಡಿದ್ದು ಸಾಲದಾ? ಅವಳಿಗೂ ಮಾಡ್ತೀಯಾ?" ಅಂತ ಕೂಗಿದೆ. ಚೀಸ್ ಅಂಗಡಿಯವರೆಲ್ಲ ತಿರುಗಿ ನೋಡಿದರು. ನೋಡಲಿ ಬಿಡಿ. ಅಪ್ಪ ಟೋಪಿ ಸರಿಮಾಡಿಕೊಂಡ.

ಅಷ್ಟರಲ್ಲಿ ಎದುರಿನ ಪುರಭವನದ ಮೆಟ್ಟಿಲಿಳಿದು ಲೀಸ್ ಬಂದಳು. ನಮ್ಮಲ್ಲಿ ಮೊದಲು ಅಲ್ಲಿ ಮದುವೆ ನೋಂದಣಿಯ ಸಹಿ, ಆಮೇಲೆ ಚೌಕ ದಾಟಿ ಚರ್ಚಿಗೆ. ಹೂವಿನ ಅಂಗಡಿ, ಬಟಾಟೆ ಅಂಗಡಿಗಳ ನಡುವೆ ಬಿಳಿ ಉಡುಪು ಎತ್ತಿ ಹಿಡಿದು, ಪಕ್ಕದಲ್ಲಿ ಗಂಡ ರುಬೆನ್‌ನನ್ನು ಕಟ್ಟಿಕೊಂಡು ಬರುತ್ತಿದ್ದವಳು ಅಜ್ಜನನ್ನು ನೋಡಿದಳು, ನನ್ನ ಮುಖ ನೋಡಿದಳು. ಎಲ್ಲ ಅರ್ಥವಾಯಿತು. ನೇರವಾಗಿ ಗಾಡಿಗೆ ಹೋದಳು.

"ಒಂದು ಹೆರಿಂಗ್ ಕೊಡಿ, ಈರುಳ್ಳಿ ಜಾಸ್ತಿ ಇರಲಿ."

"ಹುಚ್ಚು ಹಿಡೀತೇನೇ? ಬಟ್ಟೆಯೆಲ್ಲ ಮೀನು ನಾರುತ್ತೆ!" ಅಂದ ಅಪ್ಪ.

"ನಾರಲಿ. ನೀನು ಬರೋವರೆಗೆ ನಾನೂ ಇಲ್ಲೇ ಇರ್ತೀನಿ ಅಜ್ಜಾ. ಮದುವೆ ಅಂತೂ ಅಲ್ಲಿ ಆಗೋಯ್ತು. ಇನ್ನು ಒಳಗಡೆ ಇರೋದು ಬರೀ ಹಾಡು ತಾನೇ?" ಬಾಲ ಹಿಡಿದು, ತಲೆ ಹಿಂದಕ್ಕೆ ಬಾಗಿಸಿ ಮೀನು ಕಚ್ಚಿದಳು.

"ಬರೀ ಹಾಡಾ?" ಅಪ್ಪನ ಕಿವಿ ಕೆಂಪಾಯಿತು. "ಬರೀ ಹಾಡು ಅಂದ್ಯಾ? ಯಾವ ಕೀರ್ತನೆ?"

"ನೂರಾ ಮೂವತ್ತನಾಲ್ಕು. ಮದುವೇಲಿ ಹಾಡೋದೇ."

"ಅದನ್ನೂ ಓಡಿಸ್ತಾರಾ?"

"ನನಗೇನು ಗೊತ್ತು? ಬಂದು ಕೇಳು."

ಅಪ್ಪ ಗೊಣಗಿದ, ಕೆಮ್ಮಿದ, ಚರ್ಚಿನ ಗೋಪುರವನ್ನು ಒಮ್ಮೆ ದುರುಗುಟ್ಟಿ ನೋಡಿದ. "ಕೇಳಿ ಬರ್ತೀನಿ. ಕೂರಲ್ಲ, ಹಾಡಲ್ಲ," ಅಂದ.

ಒಳಗೆ ಬಾಗಿಲಿಗೆ ಹತ್ತಿರದ ಕಂಬದ ಪಕ್ಕ ನಿಂತ. ಎಲ್ಲಿ ಜಾರಿ ಹೋಗುತ್ತಾನೋ ಅಂತ ನಾನೂ ಅಲ್ಲೇ ಕಾವಲು ನಿಂತೆ. ಪಾದ್ರಿಗಳು ಆಶೀರ್ವದಿಸಿದರು, ಎಲ್ಲರೂ ಎದ್ದರು, ಆರ್ಗನ್ ಚುರುಕಾಗಿ ಶುರುವಾಯಿತು. ಅಪ್ಪನ ದವಡೆ ಬಿಗಿಯಿತು. ಮೊದಲ ಸಾಲು ಮುಗಿಯುವುದಕ್ಕೂ ಅವನಿಗೆ ತಡೆಯಲಾಗದಿರುವುದಕ್ಕೂ ಸರಿಹೋಯಿತು. ಮೊದಲಿನಿಂದ ಹಾಡಲು ಹಿಡಿದ, ತನ್ನದೇ ನಿಧಾನದಲ್ಲಿ, ಇಡೀ ಚರ್ಚು ಕೇಳುವಂಥ ದನಿಯಲ್ಲಿ. ಎಲ್ಲರೂ ಮುಂದೆ, ಇವನೊಬ್ಬ ಹಿಂದೆ. ತಲೆಗಳು ತಿರುಗಿದವು. ಚರ್ಚಿನ ನೆಲಕ್ಕೆ ಹಾಸಿದ್ದ ಹಳೇ ಗೋರಿಕಲ್ಲು ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಲೀಸ್ ತಿರುಗಿದಳು. ಹಾಡು ನಿಲ್ಲಿಸಿದಳು. ಅಜ್ಜನ ಬಾಯಿಯನ್ನೇ ನೋಡುತ್ತಾ, ಅವನಿದ್ದ ಅಕ್ಷರದಿಂದ ಅವನ ಜೊತೆ ಎಳೆದಳು. ರುಬೆನ್ ಸೇರಿಕೊಂಡ. ಮೇಲೆ ಕೂತಿದ್ದ ಆರ್ಗನ್ ವಾದಕನಿಗೆ ಏನು ಕೇಳಿಸಿತೋ, ಒಂದು ಸ್ವರವನ್ನು ಹಿಡಿದು ಕಾದ. ಬೆಂಚು ಬೆಂಚಾಗಿ ಎಲ್ಲರೂ ನಿಧಾನವಾದರು. ಕೊನೆಯ ಸಾಲಿನಲ್ಲಿ ಅಪ್ಪ ಉಸಿರಿಗೆ ನಿಂತಾಗ ಇಡೀ ಚರ್ಚು ನಿಂತಿತು, ಅವನು ಉಸಿರೆಳೆದುಕೊಂಡ ಮೇಲೆ ಮುಗಿಸಿತು.

ಹೊರಗೆ ಬಂದು ಕಣ್ಣೊರೆಸಿಕೊಂಡು ಕೇಳಿದೆ, "ಹೇಗಿತ್ತಪ್ಪಾ?"

"ಇನ್ನೂ ಸ್ವಲ್ಪ ಬೇಗ ಆಯ್ತು."

ಲೀಸ್ ನನ್ನ ಕೈಗೆ ಕೊಟ್ಟಿದ್ದ ಹೂಗುಚ್ಛದಿಂದಲೇ ನಾಲ್ಕು ಬಾರಿಸಬೇಕು ಅನ್ನಿಸಿತು. ಅವನು ಕನ್ನಡಕ ತೆಗೆದು ಟೈ ತುದಿಯಲ್ಲಿ ಒರೆಸುತ್ತಾ ಅಂದ, "ನಿನ್ನ ಮದುವೇಲಂತೂ ರೈಲೇ ಬಿಟ್ಟಿದ್ರು."

"ನೀನು ಮೀನಿನ ಗಾಡಿ ಹತ್ರ ಇದ್ದೆ. ನಿನಗೇನು ಗೊತ್ತು?"

"ಗಾಡಿ ಹತ್ರ ಹಾಡು ಎಲ್ಲಿ ಕೇಳಿಸುತ್ತೆ? ಈ ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದೆ. ನಾನು ಎರಡನೇ ಸಾಲಿಗೆ ಬರೋ ಹೊತ್ತಿಗೆ ನಿಮ್ಮದೆಲ್ಲ ಮುಗಿದಿತ್ತು." ಕನ್ನಡಕ ಹಾಕಿಕೊಂಡು ಮುಂದೆ ನಡೆದ. "ಮಿಕ್ಕಿದ್ದನ್ನ ಒಬ್ಬನೇ ಹಾಡಿ ಮುಗಿಸಿದೆ."