ಹೆಬ್ಬೆಟ್ಟಿನ ಅಂಟು

“ಏನೇ ಮುಂಡೆ, ಇವತ್ ಬಂದ್ವಾ ನಿಂಗೆ ಕಣ್ಣು? ಗುಂಡಯ್ಯ ನಮ್ ಬ್ಯಾರನ್ನಾಗೆ ಬಿದ್ದಿದ್ದ ಕಂಡೋಳು ನೀನೊಬ್ಳೇ ಏನೇ?”

ಸಾಕಮ್ಮ ತಲೆ ಎತ್ತಲಿಲ್ಲ. ಕೈ ಮಾತ್ರ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಲೇ ಇತ್ತು. ಎರಡೆಲೆ ಈ ಕಡೆ, ಎರಡೆಲೆ ಆ ಕಡೆ, ದಾರದ ಒಂದು ಸುತ್ತು. ಸೊಪ್ಪಿನ ಅಂಟು ಹತ್ತಿ ಬೆರಳೆಲ್ಲ ಕರ್ರಗಾಗಿದ್ದವು.

ಬ್ಯಾರನ್ನಿನ ಒಡೆಯ ರಂಗಸ್ವಾಮಿಗೌಡ ಕಡ್ಡಿಯ ರಾಶಿಯನ್ನು ಒದ್ದ. “ಅವ್ನು ಕುಡ್ದು ಅವನ್ ಮನೆ ಮೇಲಿಂದ ಬಿದ್ದ. ನಾಳೆ ಇಸ್ಕೂಲ್ ತಾವ ಪೊಲೀಸ್ನೋರು ಬತ್ತರೆ. ಎಲ್ಲಾ ಅಂಗೇ ಏಳ್ತರೆ. ನೀನೂ ಅಂಗೇ ಏಳು.”

ನಾಲ್ಕು ದಿನದ ಹಿಂದೆ ಸೊಪ್ಪನ್ನು ಬಿಸಿಗೆ ಒಣಗಿಸುವ ಇದೇ ಬ್ಯಾರನ್ನಿನೊಳಗೆ, ಕಡ್ಡಿ ನೇತುಹಾಕುವ ಮೇಲಿನ ಗಳದ ಮೇಲೆ ಕೂಲಿಯ ಗುಂಡಯ್ಯ ನಿಂತಿದ್ದ. ಕೆಳಗಿನಿಂದ ಕಡ್ಡಿ ಎತ್ತಿ ಕೊಡುತ್ತಿದ್ದವಳು ಸಾಕಮ್ಮ. ಗಳ ಬಿರುಕು ಬಿಟ್ಟಿದೆ ಎಂದು ಅವನು ಬೆಳಿಗ್ಗೆಯೇ ಹೇಳಿದ್ದ. “ಮುರಿಯಾಕೆ ನೀನೇನ್ ಆನೆ ಏನ್ಲಾ? ಅತ್ತು ಮೇಲಕ್ಕೆ” ಎಂದಿದ್ದ ಗೌಡ. ಗಳ ಲಟಕ್ಕೆಂದಿತು, ಕೆಳಗಿನ ಕಬ್ಬಿಣದ ಕೊಳವೆಗೆ ಅವನ ತಲೆ ಬಡಿಯಿತು. ಗೌಡನ ಕಡೆಯವರು ಹೆಣವನ್ನು ಟ್ರ್ಯಾಕ್ಟರಿನಲ್ಲಿ ಕೇರಿಗೆ ಸಾಗಿಸಿ ಅವನ ಮನೆಯ ಮುಂದೆ ಮಲಗಿಸಿದರು. ಹುಟ್ಟಿದಾಗಿನಿಂದ ಬೀಡಿ ಕೂಡ ಸೇದದವನ ಬಾಯಿಗೆ ಬ್ರಾಂದಿ ಹುಯ್ದರು.

“ಸುಳ್ ಏಳುದ್ರೆ ದ್ಯಾವ್ರು ಮೆಚ್ಚಕಿಲ್ಲ ಕಣ್ ಗೌಡ್ರೇ” ಎಂದಳು ಸಾಕಮ್ಮ. ದನಿ ಸಣ್ಣಗಿತ್ತು.

“ಯಾವ್ ದ್ಯಾವ್ರೇ?” ಗೌಡ ಮೊಬೈಲಿನಲ್ಲಿದ್ದ ಫೋಟೊ ತೆಗೆದು ಅವಳ ಮುಖಕ್ಕೆ ಹಿಡಿದ. ಅರಕಲಗೂಡಿನ ಪ್ರಾರ್ಥನೆ ಮನೆಯ ಬಾಗಿಲು. ತಲೆ ಮೇಲೆ ಸೆರಗು, ಕಂಕುಳಲ್ಲಿ ಬೈಬಲ್ಲು. ಅವಳೇ. “ಬಾನ್ವಾರ ಏಸಪ್ಪ. ಸರ್ಟಿಫಿಕೇಟ್ನಾಗೆ ಇಂದೂ, ಎಸ್ಸಿ. ಮಗಳು ಆಸನ್ದಾಗೆ ನರ್ಸಿಂಗ್ ಸೇರಿದ್ದು ಯಾವ್ ಸರ್ಟಿಫಿಕೇಟ್ ತೋರ್ಸಿ? ನಾನೊಂದ್ ಫೋನ್ ಮಾಡುದ್ರೆ ಸೀಟೂ ಓಯ್ತು, ಆಸ್ಟೆಲ್ಲೂ ಓಯ್ತು.”

ಸಾಕಮ್ಮ ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟಳು. ಸುಳ್ಳು ಹೇಳಿದ್ದಂತೂ ನಿಜವೇ. ಕಚೇರಿಯಲ್ಲಿ ಧರ್ಮ ಯಾವುದು ಎಂದಾಗಲೆಲ್ಲ ‘ಹಿಂದು’ ಎಂದು ಕೆಮ್ಮಿನ ಜೊತೆ ಸೇರಿಸಿ ಹೇಳಿ ಬಂದಿದ್ದಳು. ಪ್ರಾರ್ಥನೆಗೆ ಹೋಗುವ ಕೇರಿಯವರೆಲ್ಲ ಮಾಡುವುದೇ ಅದು. ಯೇಸುವನ್ನು ನಂಬಿದ ಮೇಲೂ ಗೌಡನ ಮನೆಯ ಹಿತ್ತಿಲಲ್ಲಿ ಅವಳ ಕಾಫಿ ಲೋಟ ಬೇರೆಯೇ ಇತ್ತು. ಆದರೆ ಕಾಗದದಲ್ಲಿ ಕ್ರೈಸ್ತಳೆಂದು ಬರೆಸಿದರೆ ಎಸ್ಸಿ ಸರ್ಟಿಫಿಕೇಟು ಮಾತ್ರ ಕೈತಪ್ಪುತ್ತಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು.

ಸಂಜೆ ಪ್ರಾರ್ಥನೆ ಮನೆಯ ಪಾಸ್ಟರ್ ಕೀರ್ತಿರಾಜ್ ಬೈಕಿನಲ್ಲಿ ಅವಳ ಮನೆಗೆ ಬಂದ. ಗೌಡನ ಬೆದರಿಕೆ ಅವನಿಗೂ ತಲುಪಿತ್ತು. ಕೆಳಗಿಳಿಯಲೂ ಇಲ್ಲ.

“ಸಿಸ್ಟರ್, ಇದೊಂದ್ ಸಲ ಸುಮ್ನಿದ್ಬಿಡಿ. ಮೊದ್ಲೇ ಕಾಲ ಸರಿಯಿಲ್ಲ. ನಾಳೆ ಪ್ರಾರ್ಥನೆ ಮನೆಗೆ ಕಲ್ಲು ಬಿದ್ರೆ ಯಾರ್ ಬರ್ತಾರೆ?”

“ಸುಳ್ ಸಾಕ್ಸಿ ಏಳ್ಬಾರ್ದು ಅಂತ ನೀವೇ ಅಲ್ವಾ ಪಾಸ್ಟ್ರೇ ಏಳ್ಕೊಟ್ಟದ್ದು?”

“ದೇವ್ರು ಕ್ಷಮಿಸ್ತಾನೆ” ಎಂದು ಅವನು ಬೈಕು ತಿರುಗಿಸಿದ.

ಗೋಡೆಯಾಚೆ ಗುಂಡಯ್ಯನ ಹೆಂಡತಿ ತನ್ನ ಗಂಡನನ್ನು ಕುಡುಕ ಎಂದವರಿಗೆಲ್ಲ ಹಿಡಿಶಾಪ ಹಾಕುತ್ತಿದ್ದಳು. ಸಾಕಮ್ಮ ಮಗಳಿಗೆ ಎಲ್ಲ ಹೇಳಿಬಿಡೋಣವೆಂದು ಎರಡು ಸಲ ಫೋನ್ ಎತ್ತಿಕೊಂಡು ಎರಡು ಸಲವೂ ಇಟ್ಟುಬಿಟ್ಟಳು. ಹೆದರಿಕೆಯಾಯಿತು.

ಬೆಳಿಗ್ಗೆ ಶಾಲೆಯ ಜಗಲಿಯಲ್ಲಿ ಎರಡೇ ಕುರ್ಚಿ. ಒಂದರಲ್ಲಿ ವಿಚಾರಣೆಗೆ ಬಂದ ಪೊಲೀಸ್ ಪಂಚಾಕ್ಷರಯ್ಯ, ಇನ್ನೊಂದರಲ್ಲಿ ಗೌಡ. ಕೂಲಿಯವರು ನೆಲದ ಮೇಲೆ. ನಾಲ್ಕು ಜನ ಆಗಲೇ ‘ಕುಡ್ದು ಬಿದ್ದ’ ಎಂದು ಒಪ್ಪಿಸಿ, ಯಾರ ಮುಖವನ್ನೂ ನೋಡದೆ ಹೋಗಿದ್ದರು.

“ಹೆಸರು?”

“ಸಾಕಮ್ಮ ಸಾ.”

“ಹೇಳಮ್ಮ, ಏನು ನೋಡಿದೆ?”

ಗೌಡ ಮೊಬೈಲನ್ನು ತೊಡೆಯ ಮೇಲೆ ಇಟ್ಟುಕೊಂಡ. ಸಾಕಮ್ಮನಿಗೆ ಓಡಿಹೋಗಬೇಕೆನಿಸಿತು. ಎಲ್ಲಿಗೆ?

“ಅದ್ಕೂ ಮುಂಚೆ ಇನ್ನೊಂದ್ ಬರ್ಕೊಳಿ ಸಾ. ನಾನು ಕ್ರಿಸ್ತನ್ ನಂಬಿರೋಳು. ಅದ್ನಾಲ್ಕು ವರ್ಸ ಆಯ್ತು. ಕಚೇರಿನಾಗೆ ಇಂದೂ ಅಂತ ಸುಳ್ ಏಳಿವ್ನಿ.” ಸೆರಗನ್ನು ತಲೆ ಮೇಲೆ ಎಳೆದುಕೊಂಡಳು. “ಈಗ ಗುಂಡಯ್ಯಂದು ಬರ್ಕೊಳಿ. ಅವ್ನು ಕುಡ್ದಿರ್ನಿಲ್ಲ. ಬ್ಯಾರನ್ನಾಗೆ ಗಳ ಮುರೀತು. ನನ್ ಕಾಲ್ ತಾವೇ ಬಿದ್ದ.”

“ಬೇವರ್ಸಿ ಮುಂಡೆ, ಉಳೀತೀಯೇನೇ ನೀನು!” ಗೌಡ ಎದ್ದ ರಭಸಕ್ಕೆ ಕುರ್ಚಿ ಉರುಳಿತು. ಫೋನನ್ನು ಕಿವಿಗಿಟ್ಟುಕೊಂಡು ಅಂಗಳದ ಹುಣಸೆಮರದ ಕಡೆ ನಡೆದ.

ಪಂಚಾಕ್ಷರಯ್ಯ ಬಹಳ ಹೊತ್ತು ಬರೆದು, ಓದಿ ಹೇಳಿ, ಹೆಬ್ಬೆಟ್ಟಿಗೆ ಇಂಕಿನ ಡಬ್ಬಿ ತಳ್ಳಿದ. ಅವಳ ಬೆರಳು ನೋಡಿ ಮುಖ ಕಿವುಚಿದ. “ಮೊದ್ಲು ಕೈ ತೊಳ್ಕೊಂಡ್ ಬಾ.”

“ಎಷ್ಟ್ ತೊಳುದ್ರೂ ಓಗಕಿಲ್ಲ ಸಾ. ಒಗೆಸೊಪ್ಪಿನ್ ಅಂಟು. ಅಂಗೇ ಒತ್ತೀನಿ.”

ಒತ್ತಿದಳು. ಆಗಲೇ ಮಡಿಲಲ್ಲಿದ್ದ ಫೋನು ಹೊಡೆದುಕೊಂಡಿತು. ಹಾಸನದಿಂದ ಮಗಳು ಸ್ನೇಹಲತಾ.

“ಅವ್ವಾ, ಪ್ರಿನ್ಸಿಪಾಲ್ ರೂಮಿಗೆ ಕರ್ದವ್ರೆ. ಯಾರೋ ಫೋನ್ ಮಾಡಿದ್ರಂತೆ. ನಾವು ಕ್ರಿಶ್ಚಿಯನ್ನಾ ಅಂತ ಕೇಳ್ತಾವ್ರೆ.” ಮಗಳು ಪಿಸುಗುಟ್ಟುತ್ತಿದ್ದಳು. “ಏನ್ ಏಳ್ಲವ್ವಾ? ಬಿರ್ನೆ ಏಳು.”

ಸಾಕಮ್ಮ ಬಾಯಿ ತೆರೆದಳು. ಹುಣಸೆಮರದ ಕೆಳಗೆ ಗೌಡ ಫೋನನ್ನು ಜೇಬಿಗಿಟ್ಟುಕೊಂಡು ಅವಳನ್ನೇ ನೋಡುತ್ತ ನಿಂತಿದ್ದ.

“ಅವ್ವಾ?”